ಮಳೆಗಾಲದ ಸಿಲ್ಕಿ, ಫ್ರಿಜಲ್ ಕೋಳಿಗೆ ಯಾವ ಗೂಡು? ರೆಡಿಮೇಡ್ ಗೂಡು ಮತ್ತು ಸಾಮಾನುಗಳ ವಿಮರ್ಶೆ

ರೆಡಿಮೇಡ್ ಕೋಳಿಗೂಡಿನ ಜಾಹೀರಾತಿನಲ್ಲಿ ‘ವಾಟರ್‌ಪ್ರೂಫ್’ ಎಂದು ಬರೆದಿದ್ದರೆ ಅದು ಮಾಡಿನ ಮೇಲೆ ಬೀಳುವ ನೀರಿನ ಮಾತು ಅಷ್ಟೇ. ಕರಾವಳಿ, ಮಲೆನಾಡಿನ ಮಳೆಯಲ್ಲಿ ಅಂದಕ್ಕೆ ಸಾಕುವ ಸಿಲ್ಕಿ, ಫ್ರಿಜಲ್‌ನಂಥ ಕೋಳಿಗಳು ಹಾಳಾಗುವುದು ಮಾಡು ಸೋರಿದ್ದರಿಂದಲ್ಲ. ಗಾಳಿಯ ಜೊತೆ ಅಡ್ಡಲಾಗಿ ಹೊಡೆಯುವ ಎರಚಲು, ನೆಲದಿಂದ ಏರುವ ತೇವ, ಮುಚ್ಚಿದ ಗೂಡಿನೊಳಗೆ ಕೋಳಿಗಳದ್ದೇ ಉಸಿರು ಮತ್ತು ಹಿಕ್ಕೆಯಿಂದ ತುಂಬುವ ಥಂಡಿ, ಇವುಗಳಿಂದ. ಗೂಡು, ನೀರಿನ ಪಾತ್ರೆ, ಹಾಸು, ಟಾರ್ಪಾಲು ಏನನ್ನೇ ಕೊಳ್ಳುವಾಗಲೂ ಇದು ಇವುಗಳಲ್ಲಿ ಯಾವುದನ್ನು ತಡೆಯುತ್ತದೆ ಎಂದು ಕೇಳಿಕೊಳ್ಳಿ. ಅರ್ಧ ಸಾಮಾನು ಅಂಗಡಿಯಲ್ಲೇ ಉಳಿಯುತ್ತದೆ.

ಇಲ್ಲಿ ತೂಗಿ ನೋಡಿರುವುದು ಒಂದು ಹುಂಜ, ಮೂರು ಹೇಂಟೆಗಳ ಮನೆಬಳಕೆಯ ಗೂಡನ್ನು. ಋತು, ಮೃಗಶಿರ ಮಳೆಯಿಂದ ಆಶ್ಲೇಷಾ ಮುಗಿಯುವವರೆಗೆ, ಎಂದರೆ ಜೂನ್ ಮೊದಲ ವಾರದಿಂದ ಆಗಸ್ಟ್ ನಡುವಿನವರೆಗೆ. ಬೆಂಗಳೂರು, ಮೈಸೂರಿನ ಕಡೆಯವರಿಗೆ ಇದರಲ್ಲಿ ಕೆಲವು ಮಾತು ಅತಿಯೆನಿಸಬಹುದು. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯಂಥ ಊರಿನವರಿಗೆ ಅನಿಸುವುದಿಲ್ಲ.

ಪುಕ್ಕದ ವಿಷಯ ಮೊದಲು

ಗೂಡಿನ ಆಯ್ಕೆ ನಿಂತಿರುವುದೇ ಪುಕ್ಕದ ರಚನೆಯ ಮೇಲೆ, ಆದ್ದರಿಂದ ಇದನ್ನು ದಾಟಿ ಮುಂದೆ ಹೋಗುವಂತಿಲ್ಲ. ನಾಟಿ ಕೋಳಿಯ ಗರಿಯಲ್ಲಿ ನಡುವಿನ ಕಡ್ಡಿಯಿಂದ ಎರಡೂ ಬದಿಗೆ ಎಳೆಗಳು ಹೊರಡುತ್ತವೆ. ಆ ಎಳೆಗಳಿಂದ ಇನ್ನೂ ಸಣ್ಣ ಎಳೆಗಳು, ಅವುಗಳ ತುದಿಯಲ್ಲಿ ಕಣ್ಣಿಗೆ ಕಾಣದ ಕೊಕ್ಕೆಗಳು. ಕೊಕ್ಕೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗರಿ ಒಂದು ಹಾಳೆಯಾಗುತ್ತದೆ. ನೀರು ಅದರ ಮೇಲೆ ಜಾರಿ ಹೋಗುತ್ತದೆ. ಸಿಲ್ಕಿಯಲ್ಲಿ ಈ ಕೊಕ್ಕೆಗಳೇ ಬೆಳೆಯುವುದಿಲ್ಲ. ಬಾಲದ ಬುಡದ ಎಣ್ಣೆ ಗ್ರಂಥಿ ಅದಕ್ಕೂ ಇದೆ, ಎಣ್ಣೆಯನ್ನು ಸವರಿಕೊಳ್ಳುವುದೂ ನಿಜ. ಆದರೆ ಹಾಳೆಯೇ ಇಲ್ಲದ ಮೇಲೆ ಎಣ್ಣೆ ಏನು ಮಾಡೀತು? ಹತ್ತು ನಿಮಿಷ ಜೋರು ಮಳೆಗೆ ಸಿಕ್ಕಿದ ಸಿಲ್ಕಿ ಚರ್ಮದವರೆಗೆ ತೊಯ್ಯುತ್ತದೆ. ಕೋಳಿಯ ಮೈ ಬಿಸಿ 41 ಡಿಗ್ರಿಗೂ ಮೇಲೆ. ಸಿಲ್ಕಿ ಹುಂಜ ತೂಗುವುದು ಸುಮಾರು ಒಂದು ಕಿಲೋ ಮಾತ್ರ. ಅಷ್ಟು ಸಣ್ಣ ಮೈ ಒದ್ದೆಯಾಗಿ ಗಾಳಿಗೆ ನಿಂತರೆ ಬಿಸಿ ಬಹಳ ಬೇಗ ಸೋರಿಹೋಗುತ್ತದೆ. ಜೊತೆಗೆ ಇದರ ಕಾಲಿನ ಮೇಲೂ ಪುಕ್ಕ, ಕಾಲಿಗೆ ಐದು ಬೆರಳು, ತಲೆಯ ಮೇಲೆ ಕಣ್ಣು ಮುಚ್ಚುವ ಜುಟ್ಟು.

ಫ್ರಿಜಲ್ ಬೇರೆ ಕಥೆ. ಕೊಕ್ಕೆ ಇದೆ, ಹಾಳೆಯೂ ಇದೆ, ಆದರೆ ಗರಿಯ ಕಡ್ಡಿಯೇ ಮೇಲಕ್ಕೆ, ತಲೆಯ ಕಡೆಗೆ ಬಾಗಿರುತ್ತದೆ. ಹಂಚುಗಳನ್ನು ತಿರುವಿ ಎತ್ತಿ ಇಟ್ಟ ಮಾಡಿನಂತೆ ನೀರೂ ಗಾಳಿಯೂ ನೇರ ಒಳಗೆ. ಇನ್ನು ಬ್ಯಾಂಟಮ್ ಎಂದರೆ ಗಿಡ್ಡ ತಳಿ; ಕೊಚ್ಚಿನ್ ಬ್ಯಾಂಟಮ್‌ಗೆ ಮೈಮೇಲಿನ ಪುಕ್ಕ ದಟ್ಟ, ಸಾಧಾರಣ ಮಳೆ ತಡೆಯುತ್ತದೆ. ಅದಕ್ಕೆ ತೊಂದರೆಯೆಲ್ಲ ಕಾಲಿನದು. ಪಾಲಿಷ್ ಎಂಬ ತಳಿಗೆ ಜುಟ್ಟಿನದು. ನಿಮ್ಮ ಹಿತ್ತಲಲ್ಲಿರುವುದು ಯಾವುದು ಎಂಬುದರ ಮೇಲೆ ಮುಂದಿನ ಮಾತುಗಳ ತೂಕ ಬದಲಾಗುತ್ತದೆ.

ಮರದ ಕಾಟೇಜ್ ಗೂಡು

ಆನ್‌ಲೈನಿನಲ್ಲಿ ಹೆಚ್ಚು ಮಾರಾಟವಾಗುವುದು ಇದೇ. ಫರ್ ಅಥವಾ ಪೈನ್ ಮರದ ತೆಳು ಹಲಗೆ, ಮೇಲೆ ಡಾಂಬರು ಹಾಳೆಯ ಇಳಿಜಾರು ಮಾಡು, ಒಂದು ಪಕ್ಕ ಮೊಟ್ಟೆಪೆಟ್ಟಿಗೆ, ಕೆಳಗೆ ಎಳೆಯುವ ತಗಡಿನ ಟ್ರೇ, ಮುಂದೆ ಜಾಲರಿಯ ಸಣ್ಣ ಅಂಗಳ. ಫೋಟೋದಲ್ಲಿ ಬಲು ಚೆಂದ. ಜೋಡಿಸುವುದು ಸುಲಭ, ಸ್ಕ್ರೂಡ್ರೈವರ್ ಇದ್ದರೆ ಒಂದು ಮಧ್ಯಾಹ್ನದ ಕೆಲಸ. ಸಿಲ್ಕಿಗೆ ಹಿಡಿಸುವ ಗುಣವೂ ಒಂದಿದೆ. ಒಳಗೆ ಕೋಳಿ ಕೂರುವ ಮೆಟ್ಟು ತಗ್ಗಿನಲ್ಲಿರುತ್ತದೆ. ಸಿಲ್ಕಿ ಹಾರಲಾರದ ಕೋಳಿ, 12ರಿಂದ 18 ಇಂಚಿಗಿಂತ ಎತ್ತರದ ಮೆಟ್ಟು ಅದಕ್ಕೆ ದಂಡ. ಮೆಟ್ಟು ಸಪೂರ ಕೋಲಾಗಿದ್ದರೆ ಮಾತ್ರ ತೆಗೆದು, 3–4 ಇಂಚು ಅಗಲದ ಚಪ್ಪಟೆ ಹಲಗೆ ಕೂರಿಸಿ. ಕೂತಾಗ ಹೊಟ್ಟೆಯ ಪುಕ್ಕ ಬೆರಳುಗಳನ್ನು ಮುಚ್ಚಿಕೊಳ್ಳುತ್ತದೆ.

ದೋಷಗಳು ಮಳೆಯಲ್ಲಿ ಒಂದೊಂದಾಗಿ ಹೊರಬರುತ್ತವೆ. ಮಾಡಿನ ಚಾಚು ಎರಡು ಮೂರು ಇಂಚು ಇದ್ದರೆ ಹೆಚ್ಚು. ಪಡುಗಾಳಿಯ ಎರಚಲಿಗೆ ಕನಿಷ್ಠ ಮೂರು ಅಡಿ ಚಾಚು ಬೇಕು. ಮೊದಲು ನೀರು ಒಳಬರುವುದು ಮೊಟ್ಟೆಪೆಟ್ಟಿಗೆಯ ಮುಚ್ಚಳದ ಕೀಲಿನಿಂದ. ಗೋಡೆಯ ಮೇಲೆ ಇಳಿದ ನೀರು ಕೀಲಿನ ಸಂದಿನಲ್ಲಿ ನಿಂತು ಪೆಟ್ಟಿಗೆಗೆ ತೊಟ್ಟಿಕ್ಕುತ್ತದೆ. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಕೀಲಿಗಿಂತ ಎರಡು ಇಂಚು ಮೇಲೆ ಗೋಡೆಗೆ ಪಟ್ಟಿಯಾಗಿ ಹೊಡೆದು ಮುಚ್ಚಳದ ಮೇಲೆ ಇಳಿಬಿಟ್ಟರೆ ಇದು ನಿಲ್ಲುತ್ತದೆ. ಎರಡನೆಯದು ಕಾಲುಗಳು. ಮರದ ಅಡ್ಡಕೊಯ್ತದ ತುದಿ ನೇರ ಮಣ್ಣಿನ ಮೇಲೆ ನಿಂತರೆ ನೀರನ್ನು ಮೇಲಕ್ಕೆ ಹೀರುತ್ತದೆ, ಒಂದೇ ಮಳೆಗಾಲದಲ್ಲಿ ಬುಡ ಮೆದುವಾಗುತ್ತದೆ. ಪ್ರತಿ ಕಾಲಿನ ಕೆಳಗೆ ಒಂದು ಕೆಂಪುಕಲ್ಲು ಅಥವಾ ಸಿಮೆಂಟ್ ಬ್ಲಾಕ್ ಇಡಿ. ಬ್ಲಾಕ್ ಮತ್ತು ಮರದ ನಡುವೆ ಟಯರಿನ ತುಂಡು. ಕಾಲಿನ ತುದಿಗೆ ಗೇರು ಎಣ್ಣೆ ಹಚ್ಚಿ. ಕರಾವಳಿಯಲ್ಲಿ ಮರಮುಟ್ಟಿಗೆ ಹಿಂದಿನಿಂದ ಬಳಸುತ್ತಾ ಬಂದಿದ್ದು ಇದನ್ನೇ, ಗೆದ್ದಲಿಗೂ ಒಳ್ಳೆಯದು. ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಕೈಗವಸು ಬೇಕು. ಪೂರ್ತಿ ಒಣಗಿ ಅಂಟು ಹೋಗುವವರೆಗೆ ಕೋಳಿ ಬಿಡಬಾರದು. ಅಂದರೆ ಈ ಕೆಲಸ ಮೇ ತಿಂಗಳ ಬಿಸಿಲಿನದ್ದು, ಜೂನಿನದ್ದಲ್ಲ.

ದೊಡ್ಡ ದೋಷ ಗಾಳಿಯಾಡದಿರುವುದು. ಈ ಗೂಡುಗಳ ವಿನ್ಯಾಸ ಬಂದಿರುವುದು ಚಳಿದೇಶಗಳಿಂದ. ಒಂದು ಜಾರುಕಿಟಕಿ ಬಿಟ್ಟರೆ ಬೇರೆ ಸಂದಿಲ್ಲ. ಲೆಕ್ಕ ಹಾಕಿ ನೋಡಿ. ಒಂದು ಬ್ಯಾಂಟಮ್ ದಿನಕ್ಕೆ 50–60 ಗ್ರಾಂ ಆಹಾರ ತಿನ್ನುತ್ತದೆ, ಅದರ ಎರಡು ಪಟ್ಟು ನೀರು ಕುಡಿಯುತ್ತದೆ. ನಾಲ್ಕು ಹಕ್ಕಿಗೆ ಸುಮಾರು ಅರ್ಧ ಲೀಟರ್. ಅದರಲ್ಲಿ ಬಹುಪಾಲು ಹಿಕ್ಕೆಯಾಗಿ, ಉಸಿರಾಗಿ ಹೊರಬೀಳುತ್ತದೆ. ಹಿಕ್ಕೆಯ ಮುಕ್ಕಾಲು ಭಾಗ ನೀರೇ. ಹೊರಗಿನ ಗಾಳಿಯೇ ತೇವದಿಂದ ತುಂಬಿರುವ ಆರಿದ್ರಾ, ಪುನರ್ವಸು ಮಳೆಯಲ್ಲಿ ಕಿಟಕಿ ಮುಚ್ಚಿದ ಗೂಡಿನ ಒಳಮಾಡಿನಲ್ಲಿ ಬೆಳಗಾಗುವಷ್ಟರಲ್ಲಿ ನೀರಹನಿ ಕಟ್ಟಿರುತ್ತದೆ. ಜನ ಅದನ್ನು ಸೋರಿಕೆ ಎಂದುಕೊಂಡು ಮೇಲೆ ಇನ್ನೊಂದು ಪ್ಲಾಸ್ಟಿಕ್ ಹೊದಿಸುತ್ತಾರೆ. ಸಮಸ್ಯೆ ಇಮ್ಮಡಿಯಾಗುತ್ತದೆ. ಪರಿಹಾರ ಇದಕ್ಕೆ ತದ್ವಿರುದ್ಧ. ಮಳೆ ಬಾರದ ದಿಕ್ಕಿನ ಗೋಡೆಯಲ್ಲಿ ಮಾಡಿನ ಅಂಚಿಗೆ ತಾಗಿ ನಾಲ್ಕು ಇಂಚಿನ ಪಟ್ಟಿಯನ್ನು ಉದ್ದಕ್ಕೂ ಕೊಯ್ದು ಅರ್ಧ ಇಂಚಿನ ಜಾಲರಿ ಹೊಡೆಯಿರಿ. ಎದುರು ಗೋಡೆಯಲ್ಲೂ ಮಾಡಿನ ಚಾಚಿನ ಅಡಿಯಲ್ಲಿ ಅಷ್ಟೇ. ಗಾಳಿ ಕೋಳಿಗಳ ತಲೆಯ ಮೇಲಿಂದ ಹಾದುಹೋಗಬೇಕು, ಮೈಗೆ ಬಡಿಯಬಾರದು. ಸರಿಯಾಗಿದೆಯೇ ಎಂದು ತಿಳಿಯಲು ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಮೂಗನ್ನು ಕೋಳಿ ಕೂರುವ ಎತ್ತರಕ್ಕೆ ತನ್ನಿ. ಕಣ್ಣು ಚುರುಗುಟ್ಟುವ ವಾಸನೆ ಬಂದರೆ ಅದು ಅಮೋನಿಯಾ, ಸಂದು ಸಾಲದು.

ಎಷ್ಟು ಕೋಳಿ ಹಿಡಿಸುತ್ತದೆ ಎಂಬ ಲೆಕ್ಕವನ್ನೂ ನಂಬಬೇಡಿ. ಆರು ಕೋಳಿಗೆಂದು ಮಾರುವ ಗೂಡಿನಲ್ಲಿ ಮೂರು ಬ್ಯಾಂಟಮ್ ಸರಿ. ಮಲಗಲು ತಲಾ ಎರಡು ಚದರಡಿ ಸಾಕು. ಆದರೆ ವಾರಗಟ್ಟಲೆ ಹೊರಬಿಡಲಾಗದ ಮಳೆಯಲ್ಲಿ ಮಾಡಿನಡಿ ತಲಾ ನಾಲ್ಕು ಚದರಡಿಯಾದರೂ ಇಲ್ಲದಿದ್ದರೆ ಪುಕ್ಕ ಕಿತ್ತು ತಿನ್ನಲು ತೊಡಗುತ್ತವೆ. ಸಿಲ್ಕಿಯ ತಲೆಬುರುಡೆಯ ಮೇಲೆ ಎಲುಬು ಪೂರ್ತಿ ಮುಚ್ಚದ ಗುಬ್ಬ ಇರುವುದುಂಟು. ಅಲ್ಲಿ ಬಿದ್ದ ಕುಕ್ಕು ಪ್ರಾಣಾಂತಿಕ.

ತೀರ್ಪು: ಮೈಸೂರು, ಬೆಂಗಳೂರು, ಹಾಸನದ ಒಣ ಭಾಗಕ್ಕೆ, ಮೇಲಿನ ತಿದ್ದುಪಡಿಗಳ ಜೊತೆ ಕೊಳ್ಳಬಹುದು. ಘಟ್ಟದ ಸೆರಗಿನಲ್ಲಿ, ಕರಾವಳಿಯಲ್ಲಿ ಬಯಲಿಗೆ ಇಡಲು ಬೇಡವೇ ಬೇಡ. ಜಗಲಿಯ ಮೇಲೋ ಕೊಟ್ಟಿಗೆಯ ಮಾಡಿನಡಿಯೋ ಇಡುವ ಜಾಗವಿದ್ದರೆ ಮಾತ್ರ.

ಪ್ಲಾಸ್ಟಿಕ್ ಗೂಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೊಳೆಯಲು ಸುಲಭ, ರಕ್ತ ಹೀರುವ ಕೆಂಪು ಉಣ್ಣೆಗೆ ಅಡಗಲು ಸಂದಿಲ್ಲ, ಕೊಳೆಯುವುದಿಲ್ಲ. ಆದರೆ ಒಳಗೋಡೆ ಬೆವರುತ್ತದೆ, ಜಾರುವ ನೆಲದ ಮೇಲೆ ಮರಿಗಳ ಕಾಲು ಅಗಲಕ್ಕೆ ಹೋಗುತ್ತದೆ. ಕಾವು ಕೂರಿಸಲು ಒಂದು ಸಣ್ಣದಿದ್ದರೆ ಅನುಕೂಲ. ಖಾಯಂ ಮನೆಗಲ್ಲ.

ಜಿಐ ಜಾಲರಿ ಗೂಡು, ಮೇಲೊಂದು ಮಾಡು

ಮಳೆನಾಡಿಗೆ ನಮ್ಮ ಶಿಫಾರಸು ಇದು. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಮಾಡಿಸಿದ್ದಾಗಲಿ, ಮೊಲ–ಕೋಳಿಯ ಗೂಡೆಂದು ಸಿದ್ಧವಾಗಿ ಸಿಗುವುದಾಗಲಿ, ಎರಡು ಅಡಿ ಎತ್ತರದ ಕಾಲಿನ ಮೇಲೆ ನಿಂತ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಜಾಲರಿಯ ಪೆಟ್ಟಿಗೆ. ನೋಡಲು ಒರಟು, ನಿಜ. ಆದರೆ ನೆಲದ ತೇವ ಮುಟ್ಟದು, ಗಾಳಿಯ ಚಿಂತೆಯಿಲ್ಲ, ಮರದ ಗೂಡಿಗೆ ಸುರಿಯುವ ಹಣದಲ್ಲಿ ಗೂಡಿನ ಜೊತೆ ಮಾಡಿನ ಒಂದು ಪಾಲೂ ಬರುತ್ತದೆ. ಮಳೆ ತಡೆಯುವ ಕೆಲಸವನ್ನು ಗೂಡಿಗೆ ಹೊರಿಸದೆ ಮಾಡಿಗೆ ಹೊರಿಸುವುದೇ ಇಲ್ಲಿನ ಉಪಾಯ.

ಕೊಳ್ಳುವಾಗ ಬೆಸುಗೆಯ ಗಂಟುಗಳನ್ನು ನೋಡಿ. ತಂತಿ ಬೆಸೆದ ಮೇಲೆ ಸತುವಿನಲ್ಲಿ ಅದ್ದಿದ ಜಾಲರಿಯಾದರೆ ಗಂಟಿನ ಮೇಲೂ ಸತು ಉಂಡೆಯಾಗಿ, ಸ್ವಲ್ಪ ಒರಟಾಗಿ ಕೂತಿರುತ್ತದೆ. ಸತು ಲೇಪಿಸಿದ ತಂತಿಯನ್ನು ಆಮೇಲೆ ಬೆಸೆದಿದ್ದರೆ ಗಂಟಿನಲ್ಲಿ ಸುಟ್ಟ ಕಪ್ಪು ಚುಕ್ಕೆ ಕಾಣುತ್ತದೆ, ತುಕ್ಕು ಅಲ್ಲಿಂದಲೇ ಶುರು. ಉಪ್ಪುಗಾಳಿಯ ಕರಾವಳಿಯಲ್ಲಿ ಈ ವ್ಯತ್ಯಾಸ ಗೂಡಿನ ಆಯುಷ್ಯವನ್ನೇ ನಿರ್ಧರಿಸುತ್ತದೆ. ಜಾಲರಿಯ ಕಣ್ಣು ಅರ್ಧ ಇಂಚಿನದ್ದಿರಲಿ. ಆರುಮೂಲೆಯ ಕೋಳಿಜಾಲರಿ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಕಬ್ಬೆಕ್ಕನ್ನು ಹೊರಗಿಡುವುದಿಲ್ಲ. ಮಳೆಗಾಲದಲ್ಲಿ ಹಾವು, ಹೆಗ್ಗಣ ಒಣಜಾಗ ಹುಡುಕಿಕೊಂಡು ಬರುತ್ತವೆ. ಒಂದಿಂಚಿನ ಕಣ್ಣಿನಲ್ಲಿ ಸಣ್ಣ ಹಾವು ಸರಾಗ ನುಗ್ಗಿ ಮೊಟ್ಟೆ ಮರಿ ಮುಗಿಸುತ್ತದೆ. ಚಿಲಕ ತಿರುಪಿನದ್ದಲ್ಲದೆ ಕೊಂಡಿ ಹಾಕುವಂಥದ್ದಾಗಿರಬೇಕು.

ಜಾಲರಿ ನೆಲ ಮಾತ್ರ ಹಾಗೇ ಬಿಡುವಂಥದ್ದಲ್ಲ. ಕಾಲುಪುಕ್ಕ ತಂತಿಗೆ ಉಜ್ಜಿ ಮುರಿಯುತ್ತದೆ, ಅಂಗಾಲು ಒತ್ತಿ ಗಾಯವಾಗಿ ಕೀವು ಕಟ್ಟುತ್ತದೆ. ನೆಲದ ಮೂರರಲ್ಲಿ ಎರಡು ಪಾಲಿಗೆ ನೀರಿಗೆ ಬಿಡದ ಪ್ಲೈವುಡ್ ಹಾಸಿ. ಐಎಸ್ 710 ಮುದ್ರೆ ಇರುವುದನ್ನು ಕೇಳಿ. ಸುತ್ತ ನಾಲ್ಕು ಇಂಚಿನ ಪಟ್ಟಿ ಹೊಡೆದು ತೊಟ್ಟಿಯಂತೆ ಮಾಡಿ ಹಾಸು ತುಂಬಿ. ಉಳಿದ ಒಂದು ಪಾಲು ಜಾಲರಿಯಾಗಿಯೇ ಇರಲಿ, ನೀರಿನ ಪಾತ್ರೆ ನೇತುಹಾಕುವುದು ಅದರ ಮೇಲೆ. ಚೆಲ್ಲಿದ ನೀರು ಹಾಸಿಗೆ ಸೇರದೆ ಕೆಳಗೆ ಬೀಳುತ್ತದೆ. ಇಷ್ಟು ಸಣ್ಣ ಬದಲಾವಣೆಯಿಂದ ಹಾಸು ಬದಲಿಸುವ ಕೆಲಸ ಅರ್ಧಕ್ಕಿಳಿಯುತ್ತದೆ. ಆಡಿನ ಶೆಡ್ಡಿಗೆಂದು ಮಾರುವ ಪ್ಲಾಸ್ಟಿಕ್ ಸ್ಲ್ಯಾಟನ್ನು ಇದಕ್ಕೆ ಬಳಸುವವರಿದ್ದಾರೆ. ಅದರ ಸಂದು ಆಡಿನ ಗೊರಸಿನ ಅಳತೆಯದು, ಬ್ಯಾಂಟಮ್‌ನ ಬೆರಳು ಇಳಿದು ಸಿಕ್ಕಿಕೊಳ್ಳುತ್ತದೆ. ಕೋಳಿಗೆಂದೇ ಮಾಡಿದ್ದು ಸಿಕ್ಕರೆ ಸರಿ.

ಮಾಡಿಗೆ ಒಂದೂವರೆ ಇಂಚಿನ ಜಿಐ ಪೈಪಿನ ನಾಲ್ಕು ಕಂಬ, ಮೇಲೆ ಬಣ್ಣದ ತಗಡು. 8 ಅಡಿಗೆ 10 ಅಡಿ ಇದ್ದರೆ ಗೂಡೂ ಅದರ ಮುಂದೆ ಒಣ ಅಂಗಳವೂ ಒಳಗೆ ಬರುತ್ತವೆ. ಇಳಿಜಾರು ಅಡಿಗೆ ನಾಲ್ಕು ಇಂಚು ಕೊಡಿ. ಸ್ಕ್ರೂ ತಗಡಿನ ಉಬ್ಬಿನ ಮೇಲೆ ಬೀಳಬೇಕು, ತಗ್ಗಿನಲ್ಲಲ್ಲ, ಮತ್ತು ರಬ್ಬರ್ ವಾಷರ್ ಇಲ್ಲದ ಸ್ಕ್ರೂ ಬೇಡ. ಎರಡು ಹಾಳೆ ಕೂಡುವಲ್ಲಿ ತೆರೆದ ಅಂಚು ಪೂರ್ವಕ್ಕೆ ಮುಖಮಾಡಿರಲಿ, ಇಲ್ಲದಿದ್ದರೆ ಪಡುಗಾಳಿ ನೀರನ್ನು ಸಂದಿನೊಳಗೆ ತಳ್ಳುತ್ತದೆ. ಉದ್ದವನ್ನು ಪೂರ್ವ–ಪಶ್ಚಿಮಕ್ಕೆ ಇಟ್ಟರೆ ಮಳೆ ಬರುವ ಬದಿ ಕಿರಿದಾಗುತ್ತದೆ, ಆ ಒಂದು ತುದಿಯನ್ನು ಪೂರ್ತಿ ಮುಚ್ಚಿಬಿಡಬಹುದು. ಹಂಚಿನ ಮಾಡು ಸಿಕ್ಕರೆ ತಗಡಿಗಿಂತ ಒಳ್ಳೆಯದು. ಸಂದುಗಳಲ್ಲಿ ತೇವ ಹೊರಹೋಗುತ್ತದೆ, ಒಳಬದಿ ಬೆವರುವುದಿಲ್ಲ, ಮಳೆಯ ಸದ್ದಿಗೆ ಕೋಳಿ ಬೆದರುವುದಿಲ್ಲ. ಸೂರಿನ ನೀರಿಗೆ ಅಡಿಕೆ ದಂಬೆಯೋ ಸೀಳಿದ ಪಿವಿಸಿ ಪೈಪೋ ಕಟ್ಟಲೇಬೇಕು. ಸೂರಿನ ನೀರು ನೆಲಕ್ಕೆ ಬಿದ್ದು ಚಿಮ್ಮುವ ಕೆಸರು ಒಂದೂವರೆ ಅಡಿವರೆಗೆ ಏರುತ್ತದೆ, ಸಿಲ್ಕಿಯ ಹೊಟ್ಟೆ ಒದ್ದೆಯಾಗುವುದು ಹೆಚ್ಚಾಗಿ ಇದರಿಂದಲೇ.

ಅಂಗಳದ ನೆಲವನ್ನು ಸುತ್ತಲಿಗಿಂತ ಎಂಟು ಇಂಚು ಎತ್ತರಿಸಿ. ಕೆಳಗೆ ಕೆಂಪುಕಲ್ಲಿನ ಚೂರು, ಅದರ ಮೇಲೆ 20 ಮಿ.ಮೀ. ಜಲ್ಲಿ, ಮೇಲೆ ನಾಲ್ಕು ಇಂಚು ದಪ್ಪ ಮರಳು. ಎಂ-ಸ್ಯಾಂಡ್ ಆದರೆ ಗಾರೆಗೆ ಬಳಸುವ ನುಣುಪಿನದು ಬೇಡ, ಕಾಂಕ್ರೀಟಿಗೆ ಬಳಸುವ ಒರಟಿನದು. ನುಣುಪಿನದು ನೀರು ಹಿಡಿದು ಕಾಲಿಗೆ ಅಂಟುತ್ತದೆ. ಸುತ್ತ ಒಂದಡಿ ಆಳದ ಬಸಿಗಾಲುವೆ. ತೋಟಕ್ಕೆ ಬಸಿಗಾಲುವೆ ತೆಗೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರದೆ

ಚದರ ಮೀಟರಿಗೆ 90, 120 ಗ್ರಾಂ ತೂಗುವ, ಅಂದರೆ 90, 120 ಜಿಎಸ್‌ಎಂ ಟಾರ್ಪಾಲು ಒಂದು ಮಳೆಗಾಲದ ಗಾಳಿಗೆ ಕಣ್ಣುಗಳ ಬಳಿ ಹರಿಯುತ್ತದೆ. 200ಕ್ಕಿಂತ ಕಡಿಮೆ ಕೊಳ್ಳಬೇಡಿ, ಅದೂ ಬಿಸಿಲು ತಡೆಯುವ ಯುವಿ ಗುಣದ್ದು. ಕಟ್ಟುವ ರೀತಿ ಟಾರ್ಪಾಲಿನಷ್ಟೇ ಮುಖ್ಯ. ಮಾಡಿಗೆ ತಾಗಿಸಿ ಕಟ್ಟಬಾರದು, ಮೇಲೆ ಒಂದಡಿ ಬಯಲು ಬಿಟ್ಟು ಕಟ್ಟಿ. ಕೆಳಅಂಚಿಗೆ ಪೈಪ್ ತೂರಿಸಿ ಭಾರ ಮಾಡಿ, ಅಂಚು ಗೂಡಿನ ನೆಲಕ್ಕಿಂತ ಆರು ಇಂಚು ಕೆಳಗಿರಲಿ. ಮಳೆ ಬಿಟ್ಟ ಕೂಡಲೇ ಸುತ್ತಿ ಮೇಲೆತ್ತಬೇಕು. ದಿನವಿಡೀ ಇಳಿಬಿಟ್ಟ ಪರದೆ ಮುಚ್ಚಿದ ಪೆಟ್ಟಿಗೆಗೆ ಸಮ. ಗೋಣಿಪರದೆ ಬೇಸಗೆಗೆ, ಮಳೆಗಲ್ಲ. ನೀರು ಕುಡಿದು ದಿನಗಟ್ಟಲೆ ಆರುವುದಿಲ್ಲ. ಶೇಡ್‌ನೆಟ್ ಮಳೆ ನಿಲ್ಲಿಸುವುದಿಲ್ಲವಾದರೂ ಪಡುವಣ ಬದಿಯಲ್ಲಿ ಟಾರ್ಪಾಲಿನಿಂದ ಎರಡಡಿ ಹೊರಗೆ ಒಂದು ಪದರ ಕಟ್ಟಿದರೆ ಗಾಳಿಯ ಹೊಡೆತ ಮುರಿಯುತ್ತದೆ, ಟಾರ್ಪಾಲು ಬಾಳುತ್ತದೆ.

ಹಾಸು

ಭತ್ತದ ಉಮಿ ಹೆಚ್ಚು ನೀರು ಹೀರದು, ಆದರೆ ಬೇಗ ಗಟ್ಟಿಯಾಗದು, ಅಗ್ಗ, ಎಲ್ಲ ಅಕ್ಕಿಗಿರಣಿಯಲ್ಲೂ ಸಿಗುತ್ತದೆ. ಬಡಗಿ ಮರ ಕೀಸಿದಾಗ ಬೀಳುವ ಸುರುಳಿ ಸಿಪ್ಪೆ ಚೆನ್ನಾಗಿ ಹೀರುತ್ತದೆ. ಎರಡನ್ನೂ ಸಮಪಾಲು ಬೆರೆಸಿ ನಾಲ್ಕು ಇಂಚು ತುಂಬಿದರೆ ಮಳೆಗಾಲಕ್ಕೆ ಅದಕ್ಕಿಂತ ಒಳ್ಳೆಯ ಹಾಸಿಲ್ಲ. ಗರಗಸದ ನುಣುಪು ಹುಡಿ ಬೇಡ. ಒದ್ದೆಯಾದರೆ ಹೆಂಟೆಗಟ್ಟಿ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನ ಪುಡಿ ಕೋಳಿಯ ಶ್ವಾಸಕೋಶಕ್ಕೆ ಹೋದರೆ ಬಾಯಿ ತೆರೆದು ಉಸಿರಾಡತೊಡಗುತ್ತದೆ, ಮದ್ದು ಅಷ್ಟಾಗಿ ಹಿಡಿಯುವುದಿಲ್ಲ. ತೆಂಗಿನ ನಾರಿನ ಪುಡಿಯಾದ ಕೊಕೊಪಿಟ್ ಚೀಲಗಳನ್ನು ಈಗೀಗ ಕೋಳಿಹಾಸೆಂದು ಮಾರುತ್ತಾರೆ. ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುವುದು ಗಿಡಕ್ಕೆ ಗುಣ, ಇಲ್ಲಿ ಅವಗುಣ. ಪುನರ್ವಸು ಮಳೆಯಲ್ಲಿ ಹಿಡಿದ ನೀರನ್ನು ಅದು ಬಿಡುವುದೇ ಇಲ್ಲ, ಸಿಲ್ಕಿಯ ಪುಕ್ಕಕ್ಕೂ ಮೆತ್ತಿಕೊಳ್ಳುತ್ತದೆ. ಮಲೆನಾಡಿನವರು ಕೊಟ್ಟಿಗೆಗೆಂದು ಬೇಸಗೆಯಲ್ಲಿ ಗುಡಿಸಿಟ್ಟ ದರಗು (ಉದುರಿದ ಎಲೆ) ಒಣಗಿದ್ದರೆ ಮೇಲುಹಾಸಾಗಿ ಚೆನ್ನ.

ಒಂದು ಮುಷ್ಟಿ ಹಾಸು ಹಿಂಡಿ ಬಿಡಿ. ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚು, ಬದಲಿಸಿ. ಉದುರಿದರೆ ಸರಿ. ದಿನಕ್ಕೊಮ್ಮೆ ಕೆದಕಿ, ಮೆಟ್ಟಿನ ಕೆಳಗಿನ ಹಿಕ್ಕೆಯನ್ನು ದಿನವೂ ಬಾಚಿ. ಹಾಸಿನ ಮೇಲೆ ಸುಣ್ಣ ಎರಚುವ ರೂಢಿ ಬಿಡುವುದು ಒಳ್ಳೆಯದು. ಸುಣ್ಣ ತಾಗಿದ ಹಿಕ್ಕೆಯಿಂದ ಅಮೋನಿಯಾ ಇನ್ನೂ ಹೆಚ್ಚು ಏಳುತ್ತದೆ. ಹಾಸು ತೆಗೆದು ಖಾಲಿ ನೆಲಕ್ಕೆ ಬಳಿಯಲು ಸುಣ್ಣ ಸರಿ.

ಧೂಳುಸ್ನಾನಕ್ಕೆ ಗಾರೆ ಕೆಲಸದ ಒಂದು ಪ್ಲಾಸ್ಟಿಕ್ ಬಾಂಡಲಿ ಸಾಕು. ಒಣ ನುಣುಪು ಮಣ್ಣು ಮೂರು ಪಾಲು, ಮರಳು ಒಂದು, ಒಲೆಯ ಬೂದಿ ಒಂದು. ಮಣ್ಣನ್ನು ಏಪ್ರಿಲಿನಲ್ಲೇ ಚೀಲಕ್ಕೆ ತುಂಬಿಡಬೇಕು. ಬಾಂಡಲಿ ಮಾಡಿನ ನಡುವೆ ಇರಲಿ. ಬೂದಿ ಒದ್ದೆಯಾದರೆ ಕ್ಷಾರವಾಗಿ ಚರ್ಮ ಸುಡುತ್ತದೆ.

ನೀರಿನ ಪಾತ್ರೆ, ಆಹಾರದ ಡಬ್ಬ

ಬಾಯಿ ತೆರೆದ ಬಟ್ಟಲು ಸಿಲ್ಕಿಗೆ ಸಲ್ಲ. ಗಡ್ಡ, ಜುಟ್ಟು ಅದ್ದಿ ಅದ್ದಿ ದಿನವಿಡೀ ಒದ್ದೆ, ಅಲ್ಲಿಂದ ಕಣ್ಣಿನ ಸೋಂಕು. ಅಂಗಡಿಯ ಕೆಂಪು–ಬಿಳಿ ಜಾರ್ ಡ್ರಿಂಕರ್ ಪರವಾಗಿಲ್ಲ, ಕೋಳಿಯ ಬೆನ್ನಿನ ಮಟ್ಟಕ್ಕೆ ಇಟ್ಟಿಗೆಯ ಮೇಲೆ ಎತ್ತಿಟ್ಟರೆ. ಎಲ್ಲಕ್ಕಿಂತ ಒಳ್ಳೆಯದು ನಿಪ್ಪಲ್, ಅಂದರೆ ಕೋಳಿ ಕುಕ್ಕಿದಾಗ ಮಾತ್ರ ಹನಿ ಬಿಡುವ ಸಣ್ಣ ಕೊಳವೆ. ಮುಚ್ಚಳವಿರುವ 10 ಲೀಟರಿನ ಬಕೆಟಿನ ತಳಕ್ಕೆ ಎರಡು ನಿಪ್ಪಲ್ ಕೂರಿಸಿ, ಎಳೆಗೆ ಟೆಫ್ಲಾನ್ ಟೇಪ್ ಸುತ್ತಿ. ತೂತು ನಿಪ್ಪಲ್ಲಿನ ಎಳೆಗಿಂತ ಕೂದಲಷ್ಟು ಸಣ್ಣದಿರಲಿ. ಮುಚ್ಚಳದಲ್ಲಿ ಸೂಜಿತೂತು ಬೇಕು, ಇಲ್ಲದಿದ್ದರೆ ಒಳಗೆ ನಿರ್ವಾತವಾಗಿ ನೀರು ನಿಲ್ಲುತ್ತದೆ. ಕೋಳಿ ಕತ್ತು ಸ್ವಲ್ಪ ಮೇಲೆತ್ತಿ ಕುಡಿಯುವ ಎತ್ತರಕ್ಕೆ ಕಟ್ಟಿ, ತಗ್ಗಾದರೆ ಪಕ್ಕದಿಂದ ಕುಕ್ಕಿ ತೊಟ್ಟಿಕ್ಕಿಸುತ್ತವೆ. ಬಾವಿನೀರಿನ ಕೆಸರು ಕೂತರೆ ನಿಪ್ಪಲ್ ಮುಚ್ಚುವುದೇ ಇಲ್ಲ. ಬಟ್ಟೆಯಲ್ಲಿ ಸೋಸಿ ತುಂಬಿ. ಜುಟ್ಟು ಕಣ್ಣು ಮುಚ್ಚಿದ ಸಿಲ್ಕಿಗೆ ನಿಪ್ಪಲ್ ಕಾಣುವುದಿಲ್ಲ, ಮೊದಲ ಎರಡು ಮೂರು ದಿನ ಹಳೆಯ ಪಾತ್ರೆಯೂ ಜೊತೆಗಿರಲಿ.

ಆಹಾರದ 50 ಕಿಲೋ ಚೀಲ ಅಗ್ಗವೆಂದು ಮಳೆಗಾಲದಲ್ಲಿ ತರಬೇಡಿ. ನಾಲ್ಕು ಬ್ಯಾಂಟಮ್‌ಗೆ ತಿಂಗಳಿಗೆ ಬೇಕಾಗುವುದು ಆರೇಳು ಕಿಲೋ. ಚೀಲ ಮುಗಿಯುವ ಮೊದಲೇ ಜೋಳಕ್ಕೂ ಹಿಂಡಿಗೂ ಬೂಷ್ಟು ಬರುತ್ತದೆ. ಅದರ ಅಫ್ಲಾಟಾಕ್ಸಿನ್ ವಿಷ ಬಿಸಿಲಿಗೆ ಒಣಗಿಸಿದರೂ ಹೋಗುವುದಿಲ್ಲ. 15 ದಿನಕ್ಕಾಗುವಷ್ಟು ತಂದು, ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ.

ಕಾಲು, ಜುಟ್ಟು, ಒದ್ದೆಮೈ

ಕಾಲುಪುಕ್ಕದ ಕೋಳಿಗಳ ಬೆರಳಿಗೆ ಕೆಸರು ಮತ್ತು ಹಿಕ್ಕೆ ಮೆತ್ತಿ ಗೋಲಿಯಂತೆ ಗಟ್ಟಿಯಾಗುತ್ತದೆ. ಎಳೆದು ಕೀಳಬಾರದು, ಉಗುರೇ ಕಿತ್ತುಬರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ 10–15 ನಿಮಿಷ ಕಾಲು ಅದ್ದಿ, ಬೆರಳಿನಿಂದ ಹಿಸುಕಿ ಕರಗಿಸಿ. ಆಮೇಲೆ ಪೂರ್ತಿ ಒರೆಸಿ. ಬೆರಳಿನ ತುದಿ ದಾಟಿದ ಪುಕ್ಕವನ್ನು ಜೂನಿಗೆ ಮೊದಲೇ ಕತ್ತರಿಸಿ. ಬುಡ ನೀಲಿಯಾಗಿರುವ ಹೊಸ ಗರಿಯಲ್ಲಿ ರಕ್ತವಿರುತ್ತದೆ, ಅದನ್ನು ಮುಟ್ಟಬೇಡಿ. ಹೊಟ್ಟೆಯ ಕೆಳಗಿನ, ಗುದದ ಸುತ್ತಿನ ಪುಕ್ಕವನ್ನೂ ತಗ್ಗಿಸಿ. ಜುಟ್ಟನ್ನು ಕಣ್ಣಿನ ಮುಂದೆ ಮಾತ್ರ, ಮೊಂಡು ತುದಿಯ ಕತ್ತರಿಯಿಂದ. ಕಾಲಿನ ಪರೆ ಎದ್ದು ಒರಟಾಗಿ ಬಿಳಿಪುಡಿ ಕಂಡರೆ ಅದು ಪರೆಯಡಿಯ ನುಸಿ. ಪುಕ್ಕದ ಮರೆಯಲ್ಲಿ ತಡವಾಗಿ ಕಾಣುತ್ತದೆ. ಪೆಟ್ರೋಲಿಯಂ ಜೆಲ್ಲಿಯನ್ನು ದಪ್ಪವಾಗಿ, ದಿನಬಿಟ್ಟು ದಿನ, ಹಲವು ವಾರ ಹಚ್ಚಬೇಕು. ಸೀಮೆಎಣ್ಣೆ ಬೇಡ, ಚರ್ಮ ಸುಡುತ್ತದೆ.

ಚೆನ್ನಾಗಿ ತೊಯ್ದ ಕೋಳಿಯನ್ನು ಬಟ್ಟೆಯಿಂದ ಉಜ್ಜದೆ ಒತ್ತಿ ನೀರು ತೆಗೆಯಿರಿ. ಹೇರ್‌ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ, ಒಂದಡಿ ದೂರದಿಂದ. ಇಲ್ಲದಿದ್ದರೆ ರಟ್ಟಿನ ಪೆಟ್ಟಿಗೆಯ ಒಂದು ಬದಿಗೆ 60 ವ್ಯಾಟಿನ, ಬಿಸಿಯಾಗುವ ಹಳೆಯ ಕಾಲದ ಬಲ್ಬ್, ಇನ್ನೊಂದು ಬದಿ ತಂಪಾಗಿ, ಕೋಳಿ ತಾನೇ ದೂರ ಸರಿಯುವಂತೆ. ಮೇಲ್ಪುಕ್ಕ ಉಬ್ಬಿದ ಮಾತ್ರಕ್ಕೆ ಬಿಡಬೇಡಿ, ರೆಕ್ಕೆಯ ಕೆಳಗೆ, ಹೊಟ್ಟೆಯಡಿ ಚರ್ಮ ಮುಟ್ಟಿ ನೋಡಿ. ಒಣಗಿರುವ ದೊಡ್ಡ ಕೋಳಿಗೆ ನಮ್ಮ ಮಳೆಗಾಲದ ಚಳಿ ಏನೂ ಅಲ್ಲ. ಗೂಡಿನೊಳಗೆ ಖಾಯಂ ಹೀಟರ್, ದೊಡ್ಡ ಕೆಂಪು ಬಲ್ಬ್ ಮಾರಿದರೆ ಕೊಳ್ಳಬೇಡಿ. ಉಮಿಯ ಮೇಲೆ ಬಿದ್ದರೆ ಬೆಂಕಿ, ಕರೆಂಟು ಹೋದರೆ ಬಿಸಿಗೆ ಒಗ್ಗಿದ ಮೈಗೆ ಏಕಾಏಕಿ ಥಂಡಿ.

ಮದ್ದಿನ ಪೆಟ್ಟಿಗೆ

ಒದ್ದೆ ಹಾಸಿನಲ್ಲಿ ಮೊದಲು ಬರುವುದು ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ. ಹಿಕ್ಕೆಯಲ್ಲಿ ಬಿದ್ದ ಅದರ ಮೊಟ್ಟೆಗಳು ತೇವವೂ ಬೆಚ್ಚಗಿನ ಹವೆಯೂ ಸಿಕ್ಕರೆ ಒಂದೆರಡು ದಿನದಲ್ಲೇ ಸೋಂಕು ಹರಡಲು ಸಿದ್ಧ. ಬೇರೆ ಕೋಳಿಯಲ್ಲಾದರೆ ತಲೆಯ ಮೇಲಿನ ಮಾಂಸದ ಜುಟ್ಟು ಬಿಳಿಚಿದ್ದನ್ನು ನೋಡಿ ಗುರುತಿಸಬಹುದು. ಸಿಲ್ಕಿಯ ಚರ್ಮ, ಮಾಂಸದ ಜುಟ್ಟು ಎರಡೂ ಕಪ್ಪು, ರಕ್ತ ಕಡಿಮೆಯಾದದ್ದು ಕಾಣುವುದೇ ಇಲ್ಲ. ಆದ್ದರಿಂದ ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ, ಎದೆಯ ಎಲುಬನ್ನು ಬೆರಳಿನಲ್ಲಿ ಸವರಿ ನೋಡಿ. ಎಲುಬು ಚೂಪಾಗುತ್ತಿದ್ದರೆ ಹಿಕ್ಕೆಯ ಮಾದರಿಯನ್ನು ಪಶು ಆಸ್ಪತ್ರೆಗೆ ಒಯ್ಯಿರಿ. ಆಂಪ್ರೋಲಿಯಂ 20 ಶೇಕಡಾ ಪುಡಿಯ ಸಾಮಾನ್ಯ ಪ್ರಮಾಣ ಲೀಟರ್ ನೀರಿಗೆ 1.2 ಗ್ರಾಂ, 3ರಿಂದ 5 ದಿನ. ವೈದ್ಯರು ರೋಗ ಖಚಿತಪಡಿಸಿದ ಮೇಲೆ ಕೊಡಿ, ಮೊಟ್ಟೆ ಯಾವಾಗಿನಿಂದ ತಿನ್ನಬಹುದು ಎಂಬುದನ್ನೂ ಅವರಿಂದಲೇ ಕೇಳಿ. ಅದು ಬಿ1 ಜೀವಸತ್ವವನ್ನು ತಡೆದು ಕೆಲಸ ಮಾಡುವ ಮದ್ದು, ಅದೇ ಹೊತ್ತಿಗೆ ಬಿ ಟಾನಿಕ್ ಕೊಟ್ಟರೆ ಎರಡೂ ವ್ಯರ್ಥ. ಟಾನಿಕ್ ಏನಿದ್ದರೂ ಮದ್ದು ಮುಗಿದ ಮೇಲೆ.

ಬೇಗ ಹರಡುವ ಮಾರಕ ವೈರಸ್ ರೋಗವಾದ ರಾಣಿಖೇತ್‌ನ ಲಸಿಕೆಯನ್ನು ಮಳೆಗೆ ಮೊದಲೇ ಮುಗಿಸಿ. ಸೀಸೆಯಲ್ಲಿ ನೂರಾರು ಡೋಸ್ ಇರುತ್ತದೆ, ಕಲಸಿದ ಮೇಲೆ ಗಂಟೆಗಳಷ್ಟೇ ಆಯುಷ್ಯ, ಅಕ್ಕಪಕ್ಕದವರನ್ನು ಸೇರಿಸಿಕೊಂಡು ಹಾಕಿಸುವುದು ಜಾಣತನ. ಸೊಳ್ಳೆಯಿಂದ ಹರಡುವ ಸಿಡುಬಿಗೂ ಲಸಿಕೆಯಿದೆ. ಕಾಲು, ರೆಕ್ಕೆಯ ಬಲ ಹೋಗಿಸುವ ಮಾರೆಕ್ಸ್ ಎಂಬ ವೈರಸ್ ರೋಗ ಸಿಲ್ಕಿಗೆ ಬೇಗ ತಗಲುತ್ತದೆ. ಅದರ ಲಸಿಕೆ ಮರಿ ಹುಟ್ಟಿದ ದಿನವೇ ಬೀಳಬೇಕು, ಆದ್ದರಿಂದ ಮರಿ ಕೊಳ್ಳುವಾಗಲೇ ಮಾರುವವರನ್ನು ಕೇಳಿ.

ಕೋಳಿ ಕೊಳ್ಳುವಾಗ

ಎಷ್ಟು ಒಳ್ಳೆಯ ಗೂಡು ಕಟ್ಟಿದರೂ ಕೆಲವು ಹಕ್ಕಿಗಳು ಮಳೆನಾಡಿಗಲ್ಲ. ಎರಡು ಫ್ರಿಜಲ್‌ಗಳನ್ನು ಕೂಡಿಸಿದರೆ ಮರಿಗಳಲ್ಲಿ ಸರಾಸರಿ ಕಾಲುಭಾಗಕ್ಕೆ ಗುಂಗುರಿನ ಗುಣ ಎರಡೂ ಕಡೆಯಿಂದ ಬರುತ್ತದೆ. ಅವುಗಳ ಪುಕ್ಕ ತಂತಿಯಂತೆ ಸುರುಟಿ, ಮುಟ್ಟಿದರೆ ಮುರಿದು, ಬೆನ್ನು ಬೋಳಾಗುತ್ತದೆ. ‘ಫುಲ್ ಕರ್ಲ್’ ಎಂದು ಹೆಚ್ಚು ಬೆಲೆಗೆ ಮಾರುವುದು ಕೆಲವೊಮ್ಮೆ ಇದನ್ನೇ. ಬೆನ್ನಿನ ಪುಕ್ಕ ಸರಿಸಿ ನೋಡಿ, ಮುರಿದ ಕಡ್ಡಿಗಳೂ ಬರಿಚರ್ಮವೂ ಕಂಡರೆ ಬಿಟ್ಟುಬನ್ನಿ. ನೀವೇ ಮರಿ ಮಾಡಿಸುವುದಾದರೆ ಫ್ರಿಜಲ್ ಹುಂಜಕ್ಕೆ ನೇರ ಪುಕ್ಕದ ಹೇಂಟೆಯನ್ನೇ ಕೊಡಿ, ಅರ್ಧದಷ್ಟು ಮರಿ ಗುಂಗುರಾಗಿ ಗಟ್ಟಿಯಾಗಿ ಹುಟ್ಟುತ್ತವೆ. ಬರೇಲಿ ಬಳಿಯ ಇಜ್ಜತ್‌ನಗರದ ಕೇಂದ್ರ ಪಕ್ಷಿ ಸಂಶೋಧನಾ ಸಂಸ್ಥೆ ದೇಸಿ ಫ್ರಿಜಲ್ ಬಳಸಿ ‘ಉಪ್‌ಕಾರಿ’ ತಳಿ ಮಾಡಿದ್ದೂ ಮಿಶ್ರಣದಿಂದಲೇ.

ಕಾವು ಕೂರುವ ಗುಣಕ್ಕಾಗಿ ಮಾತ್ರ ಸಿಲ್ಕಿ ಬೇಕೆನ್ನುವವರಿಗೆ ಇನ್ನೊಂದು ದಾರಿಯಿದೆ. ಸಿಲ್ಕಿ ಪುಕ್ಕ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣುತ್ತದೆ. ಸಿಲ್ಕಿ ಹುಂಜ, ಸಣ್ಣ ನಾಟಿ ಹೇಂಟೆ ಕೂಡಿಸಿದರೆ ಮರಿಗಳೆಲ್ಲ ಸಾಧಾರಣ ಪುಕ್ಕದವು, ನೀರು ಮೈಮೇಲೆ ಜಾರುತ್ತದೆ, ಹೇಂಟೆಗಳು ಸಾಮಾನ್ಯವಾಗಿ ಕಾವಿಗೆ ಚೆನ್ನಾಗಿ ಕೂರುತ್ತವೆ. ಮಳೆಗಾಲದ ಸಿಲ್ಕಿ ಮರಿಗಳನ್ನು ಮಾತ್ರ ಎಂಟು ವಾರ ತುಂಬಿ ತುಪ್ಪಟ ಬಲಿಯುವವರೆಗೆ ಮಾಡಿನಿಂದ ಹೊರಗೆ ಬಿಡಬೇಡಿ. ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ ಬಿಸಿ, ಮುಂದೆ ವಾರಕ್ಕೆ ಮೂರರಂತೆ ಇಳಿಸುತ್ತಾ ಬನ್ನಿ. ಮರಿಗಳು ಬಲ್ಬಿನ ಕೆಳಗೆ ಗುಂಪುಗಟ್ಟಿದರೆ ಬಿಸಿ ಸಾಲದು, ಮೂಲೆಗೆ ಓಡಿದರೆ ಹೆಚ್ಚಾಗಿದೆ.